ಗೋಬಿ ಬಂಡಿ ಮುಂದೆ ನಿಂತಾಗ

ಬಳ್ಳಾರಿಯಲ್ಲಿ ಸಂಜೆ ಕೆಲಸ ಬಿಟ್ಟ ಮೇಲೆ ಗೋಬಿ ಬಂಡಿ ದಾಟಿ ಮನೆಗೆ ಬರೋದು ಕಷ್ಟ. ಬಾಣಲೆಗೆ ಬೆಳ್ಳುಳ್ಳಿ ಬಿದ್ದ ವಾಸನೆಗೆ ನನ್ನ ಸ್ಕೂಟರ್ ತಾನಾಗೇ ನಿಲ್ಲುತ್ತದೆ.

ನಿಲ್ಲಿಸಿ, ಆದರೆ ಮೊದಲು ಎಣ್ಣೆ ನೋಡಿ. ಕಪ್ಪಗಾಗಿ ನೊರೆ ಬರುತ್ತಿದ್ದರೆ ಸುಮ್ನೆ ಮುಂದೆ ಹೋಗಿ. ಒಮ್ಮೆ ನೋಡದೆ ತಿಂದು, ರಾತ್ರಿಯೆಲ್ಲ ಎದೆಯುರಿ ಅಂತ ಮಜ್ಜಿಗೆ ಲೋಟ ಹಿಡಿದು ಕೂತಿದ್ದೆ.

ಆಮೇಲೆ ಬಣ್ಣ. ಗೋಬಿಗೆ ಕೃತಕ ಬಣ್ಣ ಹಾಕುವುದನ್ನು ಸರ್ಕಾರ 2024ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಬೆರಳಿಗಂಟಿದ ಕೆಂಪು ತೊಳೆದರೂ ಹೋಗದಿದ್ದರೆ ಅನುಮಾನ ಪಡಿ.

ಸಾಸ್ ಕಡಿಮೆ ಹಾಕಿಸಿ, ಅದರಲ್ಲೇ ಉಪ್ಪು ಜಾಸ್ತಿ. ಒಂದು ಪ್ಲೇಟ್ ಇಬ್ಬರಿಗೆ ಸಾಕು. ನಿಜವಾಗಿ ಹಸಿವಾಗಿದ್ದರೆ ಪಕ್ಕದಲ್ಲೇ ಒಗ್ಗರಣೆ ಮಂಡಕ್ಕಿ ಸಿಗುತ್ತದೆ ಅಲ್ವಾ? ಜೊತೆಗೆ ಮಿರ್ಚಿ ಒಂದೇ. ಎರಡನೆಯದಕ್ಕೆ ಕೈ ಹಾಕಿದರೆ ನನ್ನ ಹೆಂಡತಿ ಕಣ್ಣು ಬಿಡುತ್ತಾಳೆ.