ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಕತ್ತರಿ

ಶಿರಸಿ ಕಡೆ ದ್ರಾಕ್ಷಿ ಆಗುವುದಿಲ್ಲ ಎನ್ನುವವರು ಬಹಳ ಜನ. ಬಳ್ಳಿ ಬರುತ್ತದೆ, ಹಣ್ಣು ಬರುವುದಿಲ್ಲ ಎನ್ನುವವರು ಇನ್ನೂ ಜಾಸ್ತಿ. ಮೊದಲ ಮೂರು ವರ್ಷ ನಾನೂ ಹಾಗೇ ಅಂದುಕೊಂಡಿದ್ದೆ. ಬಳ್ಳಿಯನ್ನು ನಾನು ಬಸಳೆ ಸಾಕಿದ ಹಾಗೆ ಸಾಕುತ್ತಿದ್ದೆ. ಚಪ್ಪರಕ್ಕೆ ಹತ್ತಿಸಿದೆ, ಕೊಟ್ಟಿಗೆ ಗೊಬ್ಬರ ಹಾಕಿದೆ, ಹಬ್ಬಿದಷ್ಟು ಹಬ್ಬಲಿ ಎಂದು ಬಿಟ್ಟೆ. ಕೊಟ್ಟಿಗೆ ಮಾಡಿನವರೆಗೂ ಎಲೆಯೋ ಎಲೆ. ಒಂದು ಗೊಂಚಲೂ ಇಲ್ಲ.

ಆಗ ನಮ್ಮೂರ ಶಾಲೆಗೆ ವಿಜಯಪುರ ಕಡೆಯ ಮೇಷ್ಟ್ರೊಬ್ಬರು ವರ್ಗವಾಗಿ ಬಂದಿದ್ದರು. ದಸರೆ ಕಳೆದ ಮೇಲೆ ಒಂದು ದಿನ ಮನೆಗೆ ಬಂದವರು, ಮಜ್ಜಿಗೆ ಕುಡಿಯುತ್ತಾ ಚಪ್ಪರ ನೋಡಿದರು. "ಅಕ್ಕಾರ, ಇದನ್ನ ಕಡೀಬೇಕ್ರಿ. ಕಡಿದ್ರ ಹಣ್ಣ ಕೊಡತದ" ಎಂದರು. ಕತ್ತರಿ ಕೇಳಿ ಇಸಿದುಕೊಂಡು ಅರ್ಧ ಗಂಟೆಯಲ್ಲಿ ಚಪ್ಪರ ಬೋಳು ಮಾಡಿಬಿಟ್ಟರು. ಕಡಿದ ತುದಿಗಳಿಂದ ತೊಟ್ ತೊಟ್ ಎಂದು ನೀರು ಬೀಳತೊಡಗಿತು. ನನಗೆ ಅಳುವೇ ಬಂತು. ಆ ನೀರಿಗೆ ಹೆದರಬೇಕಾಗಿಲ್ಲ, ಕೆಲವು ದಿನಕ್ಕೆ ತಾನಾಗಿ ನಿಲ್ಲುತ್ತದೆ. ಹತ್ತು ಹನ್ನೆರಡು ದಿನಕ್ಕೆ ಕಡ್ಡಿಯಲ್ಲಿ ಚಿಗುರೊಡೆಯುವ ಕಣ್ಣುಗಳು ಉಬ್ಬಿದವು. ಚಿಗುರು ಗೇಣುದ್ದ ಆಗುವುದರೊಳಗೆ ಅದರ ಬುಡದ ಕಡೆ ಹಸಿರು ಸಾಸಿವೆ ಪೋಣಿಸಿದ ಹಾಗೆ ಮೊಗ್ಗಿನ ಗೊಂಚಲು ಕಾಣಿಸಿತು. ಮಾರ್ಚ್ ಶುರುವಿಗೆ 17 ಗೊಂಚಲು ಕೊಯ್ದೆವು.

ವಿಷಯ ಇಷ್ಟೇ. ದ್ರಾಕ್ಷಿ ಹೂ ಬಿಡುವುದು ಹೊಸ ಚಿಗುರಿನಲ್ಲಿ. ಆ ಚಿಗುರು ಹೊರಡಬೇಕಾದದ್ದು ಅದೇ ವರ್ಷ ಬೆಳೆದು, ಬಲಿತು, ಕಂದು ಬಣ್ಣಕ್ಕೆ ತಿರುಗಿದ ಕಡ್ಡಿಯ ಕಣ್ಣಿನಿಂದ. ಚಳಿ ದೇಶದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ, ಒಂದು ಸಲ ಕತ್ತರಿಸಿದರೆ ಸಾಕು. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಅಲ್ವಾ? ಹಾಗಾಗಿ ಎರಡು ಸಲ ಕತ್ತರಿ ಹಾಕಬೇಕು. ವಿಜಯಪುರದವರು ಇದಕ್ಕೆ ಚಾಟ್ನಿ ಅನ್ನುತ್ತಾರೆ.

ಯುಗಾದಿ ಹೊತ್ತಿನದು ಕಡ್ಡಿಗಾಗಿ. ಹಣ್ಣು ಮುಗಿದ ಪ್ರತಿ ಕಡ್ಡಿಯನ್ನೂ ಬುಡದಲ್ಲಿ ಒಂದೋ ಎರಡೋ ಕಣ್ಣು ಬಿಟ್ಟು ಕತ್ತರಿಸಿ. ಇಲ್ಲಿ ನಾವು ತಡ ಮಾಡುವ ಹಾಗಿಲ್ಲ. ಕಡಿದ ಮೇಲೆ ಸುಮಾರು ಒಂದೂವರೆ ಎರಡು ತಿಂಗಳಲ್ಲಿ ಹೊಸ ಕಡ್ಡಿಯ ಕಣ್ಣಿನೊಳಗೆ ಹೂವಿನ ಮೊಳಕೆ ಕೂರುತ್ತದೆ. ಹೊರಗೆ ಏನೂ ಕಾಣುವುದಿಲ್ಲ, ಆದರೆ ಆ ದಿನಗಳಲ್ಲಿ ಚೆನ್ನಾಗಿ ಬಿಸಿಲು ಬೀಳಬೇಕು. ಜೂನ್ ಬಂತೆಂದರೆ ನಮ್ಮ ಆಕಾಶ ಮುಚ್ಚಿತು. ಅದಕ್ಕೇ ನಾನು ಮಾರ್ಚ್ ಕೊನೆಯ ವಾರವೇ ಕತ್ತರಿ ಹಿಡಿಯುತ್ತೇನೆ.

ದಸರೆ ಕಳೆದ ಮೇಲಿನದು ಹಣ್ಣಿಗಾಗಿ. ಪೆನ್ಸಿಲ್ ದಪ್ಪದ ಬಲಿತ ಕಡ್ಡಿಗೆ ಐದಾರು ಕಣ್ಣು ಬಿಟ್ಟು ತುದಿ ತೆಗೆಯಿರಿ. ಸಣಕಲು ಕಡ್ಡಿಯನ್ನು ಬುಡಕ್ಕೇ ತೆಗೆಯಿರಿ. ಉಳಿದ ಎಲೆಯನ್ನೆಲ್ಲ ಕೈಯಿಂದ ಕಿತ್ತುಹಾಕಿ. ಮಳೆ ಪೂರ್ತಿ ಹಿಂದೆ ಸರಿದಿದೆ ಎಂದು ನೋಡಿಕೊಂಡೇ ಕಡಿಯಬೇಕು. ಹೂವಿನ ಮೇಲೆ ಮಳೆ ಬಿದ್ದರೆ ಕಾಯಿ ಕಚ್ಚುವುದಿಲ್ಲ.

ಬಳ್ಳಿಯನ್ನು ಚಪ್ಪರಕ್ಕೆ ಏರಿಸುವಾಗ ಒಂದೇ ಕಾಂಡ ಇರಲಿ. ಪಕ್ಕದ ಚಿಗುರನ್ನೆಲ್ಲ ಚಿವುಟುತ್ತಾ ಹೋಗಿ. ಚಪ್ಪರಕ್ಕೆ ಇನ್ನು ಅರ್ಧ ಅಡಿ ಇದೆ ಎನ್ನುವಾಗ ಕುಡಿ ಚಿವುಟಿ. ಎರಡು ಕವಲು ಹೊರಡುತ್ತವೆ. ಒಂದನ್ನು ಆಚೆ, ಒಂದನ್ನು ಈಚೆ ಮಲಗಿಸಿ ಬಾಳೆನಾರಿನಿಂದ ಸಡಿಲವಾಗಿ ಕಟ್ಟಿ. ಈ ಎರಡು ಕೈಗಳು ಯಾವಾಗಲೂ ಉಳಿಯಬೇಕು. ಕತ್ತರಿಯೆಲ್ಲ ಇವುಗಳ ಮೇಲಿನ ಕಡ್ಡಿಗೆ. ಚಪ್ಪರಕ್ಕೆ ಅಡಿಕೆ ದಬ್ಬೆ ಎರಡು ಮೂರು ವರ್ಷಕ್ಕೆ ಕುಂಬಾಗುತ್ತದೆ, ಕಲ್ಲುಕಂಬ ತಂತಿ ಆದರೆ ಚಿಂತೆ ಇಲ್ಲ.

ನಮಗೆ ನಿಜವಾದ ಶತ್ರು ಮಳೆ. ವಿಜಯಪುರದಲ್ಲಿ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು. ನಮ್ಮ ಜಿಲ್ಲೆಯ ಕಾರವಾರದಲ್ಲಿ ಅದರ ಸುಮಾರು ಐದು ಪಟ್ಟು. ಎಲೆ ಒದ್ದೆಯಾಗಿಯೇ ಇದ್ದರೆ ಬೂಜು ತುಪ್ಪಟ ರೋಗ ಬರುತ್ತದೆ. ಮೇಲೆ ಎಣ್ಣೆ ಚೆಲ್ಲಿದ ಹಾಗೆ ಹಳದಿ ಕಲೆ, ಎಲೆ ಮಗುಚಿದರೆ ಅಲ್ಲೇ ಬಿಳಿ ತುಪ್ಪಟ. ಅಡಿಕೆ ಒಣಗಿಸುವ ಮನೆಗೆ ಹೊದೆಸುತ್ತೇವಲ್ಲ, 200 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ, ಅದನ್ನೇ ಚಪ್ಪರದಿಂದ ಒಂದೂವರೆ ಎರಡು ಅಡಿ ಎತ್ತರಕ್ಕೆ ಇಳಿಜಾರಾಗಿ ಹಾಕಿ. ಸುತ್ತಲೂ ಮುಚ್ಚಬೇಡಿ, ಗಾಳಿ ಆಡಲೇಬೇಕು. ಮುಚ್ಚಿದರೆ ಬೂದಿ ರೋಗ ಬಂದೀತು.

ಔಷಧಿ ನಮ್ಮ ಮನೆಯಲ್ಲೇ ಇದೆ, ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ. ಅದು ಅಡಿಕೆಯ ಕೊಳೆ ರೋಗಕ್ಕೆ ಹುಟ್ಟಿದ ಔಷಧಿ ಎಂದೇ ನಾವು ತಿಳಿದಿದ್ದೇವೆ. ಅದು ಹುಟ್ಟಿದ್ದು ದ್ರಾಕ್ಷಿಗೆ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲಿ ಎಂದು ದಾರಿ ಬದಿಯ ಬಳ್ಳಿಗಳಿಗೆ ಮೈಲುತುತ್ತ ಸುಣ್ಣ ಎರಚುತ್ತಿದ್ದರಂತೆ. ಆ ಬಳ್ಳಿಗಳಿಗೆ ಮಾತ್ರ ತುಪ್ಪಟ ರೋಗ ಇಲ್ಲದ್ದನ್ನು ಮಿಲಾರ್ಡೆ ಎಂಬ ವಿಜ್ಞಾನಿ ಗಮನಿಸಿದರು. 1885ರಲ್ಲಿ ಅದನ್ನು ಪ್ರಕಟಿಸಿದರು. ಮನೆ ಬಳ್ಳಿಗೆ 100 ಗ್ರಾಂ ಮೈಲುತುತ್ತ 5 ಲೀಟರಿನಲ್ಲಿ, 100 ಗ್ರಾಂ ಸುಣ್ಣ ಇನ್ನೊಂದು 5 ಲೀಟರಿನಲ್ಲಿ, ಪ್ಲಾಸ್ಟಿಕ್ ಬಕೆಟ್ಟಿನಲ್ಲೇ ಕರಗಿಸಿ. ಮೈಲುತುತ್ತದ ನೀರನ್ನು ಸುಣ್ಣಕ್ಕೆ ಹೊಯ್ಯಿರಿ. ಉಜ್ಜಿ ತೊಳೆದ ಕಬ್ಬಿಣದ ಕತ್ತಿ ಅದ್ದಿ ತೆಗೆದಾಗ ತಾಮ್ರದ ಕೆಂಪು ಹತ್ತಿದ್ದರೆ ಸುಣ್ಣ ಸಾಲದು. ಎಳೆ ಎಲೆಗಾದರೆ ಎರಡೂ ಅರ್ಧರ್ಧ ಸಾಕು. ಕಾಯಿ ಬಣ್ಣ ತಿರುಗುವ ಹೊತ್ತಿಗೆ ಹೊಡೆಯಲೇಬೇಡಿ.

ತಳಿ ಕೇಳಿದರೆ ಬೆಂಗಳೂರು ಬ್ಲೂ ಎನ್ನುತ್ತೇನೆ. ಬೀಜ ಇದೆ, ಸಿಪ್ಪೆ ದಪ್ಪ, ಆದರೆ ಎಲೆ ಕಾಯಿಗೆ ಚುಕ್ಕೆ ಬೀಳುವ ಚಿಬ್ಬು ರೋಗ ತಡೆಯುತ್ತದೆ, ತುಪ್ಪಟ ರೋಗ ಮಾತ್ರ ಇದಕ್ಕೂ ಬರುತ್ತದೆ. ಬೀಜವಿಲ್ಲದ ಬಿಳಿ ದ್ರಾಕ್ಷಿಯ ಆಸೆ ನಮ್ಮ ಹವೆಗೆ ಬೇಡ.

ಹಣ್ಣನ್ನು ಕೊಯ್ದು ಇಟ್ಟರೆ ಮಾವಿನ ಹಾಗೆ ಕಳಿಯುವುದಿಲ್ಲ, ಬಳ್ಳಿಯಲ್ಲೇ ಸಿಹಿ ಆಗಬೇಕು. ಗೊಂಚಲಿನ ತುದಿಯ ಹಣ್ಣು ತಿಂದು ನೋಡಿ, ಅದು ಕೊನೆಗೆ ಕಳಿಯುವಂಥದ್ದು. ಅದು ಸಿಹಿ ಇದ್ದರೆ ಎಲ್ಲವೂ ಸಿಹಿ. ಅಲ್ಲಿಯವರೆಗೆ ಹಳೇ ಹತ್ತಿ ಸೀರೆಯ ಚೀಲ ಹೊಲಿದು ಕಟ್ಟದಿದ್ದರೆ ಪಿಕಳಾರ, ಬಾವಲಿ ಬಿಡುವುದಿಲ್ಲ.

ಕಾರವಾರದಲ್ಲಿರುವ ತಂಗಿ ಮಗಳು ಕಳೆದ ವರ್ಷ, "ದೊಡ್ಡಮ್ಮಾ, ನಂಗೂ ಒಂದು ಬಳ್ಳಿ ಬೇಕು" ಎಂದಳು. ದಸರೆ ನಂತರ ಕತ್ತರಿಸಿದ ಕಡ್ಡಿಯಲ್ಲೇ ನಾಲ್ಕು ಕಣ್ಣಿನ ತುಂಡು ಮಾಡಿ, ಬುಡಕ್ಕೆ ನೇರ, ತುದಿಗೆ ಓರೆ ಕತ್ತರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟೆ. ಓರೆ ಇದ್ದ ಕಡೆ ಮೇಲೆ ಎಂದು ಎರಡೆರಡು ಸಲ ಹೇಳಿದೆ, ತಲೆಕೆಳಗಾಗಿ ನೆಟ್ಟವರನ್ನು ನೋಡಿದ್ದೇನೆ. ಎರಡು ಕಣ್ಣು ಮಣ್ಣಿನೊಳಗೆ, ಎರಡು ಹೊರಗೆ. ಅವರದ್ದು ಹೊಯಿಗೆ ನೆಲ, ನೀರು ನಿಲ್ಲುವುದಿಲ್ಲ. ಏಳರಲ್ಲಿ ಐದು ಚಿಗುರಿವೆ.