ಲಿಮಿಟ್ ಹಾಕಿದವನೂ ನಾನೇ, ತೆಗೆದವನೂ ನಾನೇ

ನಿಪ್ಪಾಣಿಯಲ್ಲಿ ನನ್ನದೊಂದು ಮೋಟಾರ್ ವೈಂಡಿಂಗ್ ಅಂಗಡಿ ಇದೆ. ಸುಟ್ಟ ಪಂಪ್‌ಸೆಟ್ ಮೋಟಾರು ಬಂದರೆ ನಾನು ಮೊದಲು ಕೇಳುವುದು ಒಂದೇ, "ಫ್ಯೂಸಿಗೆ ಎಂಥಾ ವೈರ್ ಸುತ್ತೀರಿ?" ಸುಮಾರು ಜನ ನಗುತ್ತಾರೆ. ಫ್ಯೂಸ್ ಪದೇ ಪದೇ ಹೋಗುತ್ತೆ ಅಂತ ದಪ್ಪ ತಾಮ್ರದ ತಂತಿ ಸುತ್ತಿರುತ್ತಾರೆ. ಆಮೇಲೆ ಫ್ಯೂಸ್ ಹೋಗಲ್ಲ, ಮೋಟಾರೇ ಹೋಗುತ್ತೆ. ಅವರಿಗೆಲ್ಲ ಬೈಯುತ್ತಾ ಕೂತಿದ್ದ ನಾನು ಮೂರು ವರ್ಷ ಅದೇ ಕೆಲಸ ಮಾಡಿದೆ, ಮೊಬೈಲಿನಲ್ಲಿ.

2020ರ ಲಾಕ್‌ಡೌನಿನಲ್ಲಿ ಆನ್‌ಲೈನ್ ರಮ್ಮಿ ಅಂಟಿಕೊಂಡಿತು. ಇಸ್ಪೀಟು ನಮಗೇನು ಹೊಸದಲ್ಲ, ದೀಪಾವಳಿಗೆ ಮನೆಯಲ್ಲೇ ಎಲೆ ಹಾಕುತ್ತೇವೆ. ಆದರೆ ಅಲ್ಲಿ ಕಲಸಬೇಕು, ಹಂಚಬೇಕು, ನಡುವೆ ಚಹಾ ಬರುತ್ತೆ, ಯಾರೋ ಜಗಳ ತೆಗೆಯುತ್ತಾರೆ. ಮೊಬೈಲಿನಲ್ಲಿ ಆ ಬಿಡುವೇ ಇಲ್ಲ. ಮೊದಲಿಗೇ ಕೈ ಬಿಟ್ಟರೆ 20 ಪಾಯಿಂಟ್ ಸೋಲು, ನಡುವೆ ಬಿಟ್ಟರೆ 40, ಕೂತು ಸೋತರೆ ಹೆಚ್ಚೆಂದರೆ 80. ಪಾಯಿಂಟಿಗೆ ಎರಡು ರೂಪಾಯಿ ಅಂದರೆ 160 ರೂಪಾಯಿ, ಮೂರು ನಿಮಿಷದಲ್ಲಿ. ಗೆದ್ದವನ ದುಡ್ಡಿನಲ್ಲೂ ಕಂಪನಿ ತನ್ನ ಪಾಲು ಮುರಿದುಕೊಂಡೇ ಕೊಡುತ್ತಿತ್ತು. ಹಾಗಾಗಿ ಗೆಲುವು ಸೋಲು ಸಮ ಬಂದವನೂ ಕೊನೆಗೆ ಸೋತವನೇ. ಇದು ನನಗೆ ಗೊತ್ತಿತ್ತು. ಗೊತ್ತಿದ್ದರಿಂದ ಏನೂ ಆಗಲಿಲ್ಲ.

ಹೆಂಡತಿ ಕೇಳಿದರೆ ನನ್ನ ಹತ್ತಿರ ಉತ್ತರ ರೆಡಿ ಇತ್ತು. ರಮ್ಮಿ ಕೌಶಲದ ಆಟ ಅಂತ 1967ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ ಅಂತ ವಾದ ಮಾಡುತ್ತಿದ್ದೆ. ಅವಳು ಸುಮ್ನೆ ರೇಷನ್ ಅಂಗಡಿಯ ಬಾಕಿ ಚೀಟಿ ಮುಂದಿಡುತ್ತಿದ್ದಳು.

ಅಕ್ಟೋಬರ್ 2021ರಲ್ಲಿ ಕರ್ನಾಟಕದಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ನಿಷೇಧ ಹಾಕಿದರು. ಆಪ್ ತೆರೆದರೆ ನಿಮ್ಮ ರಾಜ್ಯದಲ್ಲಿ ಆಡುವಂತಿಲ್ಲ ಅಂತ ತೋರಿಸುತ್ತಿತ್ತು. ಒಂದು ವಾರ ನಿಜಕ್ಕೂ ಹಗುರ ಅನಿಸಿತು. ಎರಡನೇ ವಾರ ಬೈಕ್ ತೆಗೆದುಕೊಂಡು ಹೈವೇ ಹಿಡಿದೆ. ಕೊಗನೊಳ್ಳಿ ನಾಕಾ ದಾಟಿ, ಕಾಗಲ್ ಹತ್ತಿರ ಒಂದು ಢಾಬಾದಲ್ಲಿ ಕೂತರೆ ಅದು ಮಹಾರಾಷ್ಟ್ರ. ಲೊಕೇಶನ್ ಆನ್ ಮಾಡಿದೆ, ಆಪ್ ತೆರೆಯಿತು. ಮಿಸಳ್ ತಣ್ಣಗಾಗುತ್ತಿತ್ತು, ನಾನು ಆಡುತ್ತಿದ್ದೆ. ಹೀಗೆ ನಾಲ್ಕು ತಿಂಗಳಲ್ಲಿ ಎಷ್ಟು ಸಲ ಗಡಿ ದಾಟಿದೆನೋ ಲೆಕ್ಕವಿಲ್ಲ. ಫೆಬ್ರುವರಿ 14, 2022ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗ ರದ್ದು ಮಾಡಿತು. ನನಗೆ ಪೆಟ್ರೋಲ್ ಉಳಿಯಿತು, ಅಷ್ಟೇ.

ಕಣ್ಣು ತೆರೆಸಿದ್ದು ಬ್ಯಾಂಕಿನ ಪಾಸ್‌ಬುಕ್ ಪ್ರಿಂಟರ್. 2023ರ ಬೇಸಿಗೆಯಲ್ಲಿ ಯಾವುದೋ ಸಬ್ಸಿಡಿಗೆ ಬೇಕಂತ ಪಾಸ್‌ಬುಕ್ ಎಂಟ್ರಿ ಮಾಡಿಸಲು ಹೋದೆ. ಮಷೀನು ನಿಲ್ಲಲೇ ಇಲ್ಲ. ಪುಟ ತುಂಬಿತು, ತಿರುಗಿಸಿದರು, ಅದೂ ತುಂಬಿತು. ಪುಸ್ತಕ ಮುಗಿದು ಹೊಸದು ಕೊಟ್ಟರು. 200, 200, 500, 300, 500, ಎಲ್ಲ ಒಂದೇ ಹೆಸರಿಗೆ, ಕೆಲವು ರಾತ್ರಿಗಳಲ್ಲಿ ಹದಿನೈದು ಸಾಲು. ನಾನು ನಲವತ್ತು ಐವತ್ತು ಸಾವಿರ ಹೋಗಿರಬಹುದು ಅಂದುಕೊಂಡಿದ್ದೆ. ಅಂಗಡಿಗೆ ಬಂದು ಕ್ಯಾಲ್ಕುಲೇಟರ್ ಹಿಡಿದು ಕೂಡಿಸಿದರೆ ಹದಿನಾಲ್ಕು ತಿಂಗಳಿಗೆ ನಾಲ್ಕು ಲಕ್ಷದ ಹನ್ನೆರಡು ಸಾವಿರ. ಯಾರಿಗಾದರೂ ನಾನು ಹೇಳುವ ಮೊದಲ ಕೆಲಸ ಇದೇ. ಬಿಡಬೇಕು ಅಂತ ಆಣೆ ಗೀಣೆ ಬೇಡ, ಮೊದಲು ಪಾಸ್‌ಬುಕ್ ಪ್ರಿಂಟ್ ಮಾಡಿಸಿ, ಪೆನ್ನು ಹಿಡಿದು ಕೂಡಿಸಿ. ಮೊಬೈಲಿನಲ್ಲಿ ನೋಡಿದರೆ ತಟ್ಟುವುದಿಲ್ಲ.

ಆಮೇಲೆ ಆಪಿನಲ್ಲೇ ಇದ್ದ 'ಜವಾಬ್ದಾರಿಯ ಆಟ' ಅನ್ನುವ ಪುಟ ಹುಡುಕಿ ತೆಗೆದೆ. ಮೂರು ಮೆನು ಒಳಗೆ ಅಡಗಿಸಿಟ್ಟಿದ್ದರು. ದಿನಕ್ಕೆ 500 ರೂಪಾಯಿ ಅಂತ ಲಿಮಿಟ್ ಹಾಕಿದೆ. ಇಳಿಸಿದರೆ ಕೂಡಲೇ ಜಾರಿ, ಏರಿಸಬೇಕಾದರೆ ಒಂದು ದಿನ ಕಾಯಬೇಕಿತ್ತು. ಐಡಿಯಾ ಒಳ್ಳೆಯದೇ, ಸಿಟ್ಟಿನಲ್ಲಿರುವವನಿಗೆ ಒಂದು ದಿನ ತಣ್ಣಗಾಗಲು ಸಿಗುತ್ತೆ. ನಾನೇನು ಮಾಡಿದೆ ಗೊತ್ತಾ? ಸೋಲುವ ಮೊದಲೇ ಏರಿಸಲು ಅರ್ಜಿ ಹಾಕಿಟ್ಟೆ! ಎರಡು ಗಂಟೆಗೊಮ್ಮೆ 'ಬಹಳ ಹೊತ್ತು ಆಡುತ್ತಿದ್ದೀರಿ' ಅಂತ ಎಚ್ಚರಿಕೆ ಬರುತ್ತಿತ್ತು. ಅದರ ಕೆಳಗೇ 'ಮುಂದುವರಿಸಿ' ಅನ್ನುವ ದೊಡ್ಡ ಹಸಿರು ಬಟನ್. ಎಚ್ಚರಿಕೆ ಓದಿದ ನೆನಪೇ ಇಲ್ಲ, ಹಸಿರು ಮಾತ್ರ ನೆನಪಿದೆ.

ಕೊನೆಗೆ ಆರು ತಿಂಗಳು ನನ್ನನ್ನು ಒಳಗೆ ಬಿಡಬೇಡಿ ಅಂತ ಖಾತೆ ಮುಚ್ಚಿಸಿದೆ. ಅದು ಗಟ್ಟಿ, ನಡುವೆ ತೆಗೆಯಲು ಆಗಲಿಲ್ಲ. ಮೂರನೇ ದಿನ ಬೇರೆ ಕಂಪನಿಯ ಆಪ್ ಹಾಕಿಕೊಂಡೆ, ಹೊಸಬರಿಗೆ ಬೋನಸ್ ಬೇರೆ ಕೊಟ್ಟರು. ಬ್ರಿಟನ್ನಿನಲ್ಲಿ 2018ರಿಂದ ಗ್ಯಾಮ್‌ಸ್ಟಾಪ್ ಅಂತ ಇದೆ. ಒಂದು ಕಡೆ ಹೆಸರು ಬರೆಸಿದರೆ ಲೈಸೆನ್ಸ್ ಇರುವ ಎಲ್ಲ ಆನ್‌ಲೈನ್ ಕಂಪನಿಗಳೂ ಬಾಗಿಲು ಹಾಕಬೇಕು, ಅವಧಿ ಮುಗಿಯುವ ತನಕ ನೀವೇ ಬೇಡಿಕೊಂಡರೂ ತೆಗೆಯುವಂತಿಲ್ಲ. ನಮ್ಮಲ್ಲಿ ಒಂದು ಬಾಗಿಲು ಹಾಕಿದರೆ ಪಕ್ಕದ್ದು ತೆರೆದಿರುತ್ತಿತ್ತು.

ಇದನ್ನೆಲ್ಲ ಒಂದು ರಾತ್ರಿ ಹೆಂಡತಿಗೆ ಹೇಳಿದೆ, ಪಾಸ್‌ಬುಕ್ ಸಮೇತ. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು, "ಲಿಮಿಟ್ ಹಾಕಿದವರೂ ನೀವ, ತಗದವರೂ ನೀವ. ಇದ್ಯಾವ ಸೀಮಿ ಲಿಮಿಟ್ರೀ?"

ಅಲ್ಲಿಂದ ಕೆಲಸ ಬೇರೆ ದಾರಿ ಹಿಡಿಯಿತು. ಆಪ್ ಬಿಟ್ಟು ದುಡ್ಡಿನ ದಾರಿಗೆ ಕೈ ಹಾಕಿದೆವು. ಯುಪಿಐ ನಡೆಯುವುದು ಬ್ಯಾಂಕಿನಲ್ಲಿ ಕೊಟ್ಟ ನಂಬರಿನ ಸಿಮ್ ಆ ಫೋನಿನಲ್ಲಿದ್ದರೆ ಮಾತ್ರ. ಮರುದಿನ ಇಬ್ಬರೂ ಬ್ಯಾಂಕಿಗೆ ಹೋಗಿ ನನ್ನ ಖಾತೆಗೆ ಅವಳ ನಂಬರ್ ಕೊಡಿಸಿದೆವು. ನನ್ನ ಫೋನಿನ ಯುಪಿಐ ಸತ್ತಿತು, ಓಟಿಪಿ ಎಲ್ಲ ಅವಳಿಗೆ. ಅಂಗಡಿಯ ಕ್ಯೂಆರ್ ಕೋಡ್ ಅವಳ ಖಾತೆಗೆ ಬದಲಾಯಿತು. ಎಟಿಎಂ ಕಾರ್ಡ್ ಅವಳ ಹತ್ತಿರ. ತಾಮ್ರದ ತಂತಿ, ವಾರ್ನಿಷ್ ತರಲು ಹೋಲ್‌ಸೇಲ್ ಅಂಗಡಿಗೆ ಅವಳೇ ದುಡ್ಡು ಹಾಕುತ್ತಾಳೆ. ನನಗೆ ವಾರಕ್ಕೆ 1,500 ಕೈಯಲ್ಲಿ. ಸಾಲದ ಆಪ್‌ಗಳನ್ನು ತೆಗೆದೆ, ಅಳಿಯ ಮತ್ತು ಇಬ್ಬರು ಗೆಳೆಯರಿಗೆ ನಾನು ಕೇಳಿದರೆ ಕೈಗಡ ಕೊಡಬೇಡಿ ಅಂತ ನಾನೇ ಹೇಳಿದೆ. ಈ ಕೊನೆಯದು ಎಲ್ಲಕ್ಕಿಂತ ಕಷ್ಟ ಆಯಿತು. ನಲವತ್ತಾರು ವರ್ಷದ ಗಂಡಸು, ಅಳಿಯನ ಮುಂದೆ ನಿಂತು ಹೇಳಬೇಕು.

ಮಾನ ಹೋಯಿತು ಅಂತ ಅನಿಸಲಿಲ್ಲವಾ? ಅನಿಸಿತು. ಗ್ರೀಸ್ ಡಬ್ಬಿಗೆ ದುಡ್ಡು ಹಾಕು ಅಂತ ಹೆಂಡತಿಗೆ ಫೋನ್ ಮಾಡುವಾಗ ಗಿರಾಕಿಗಳು ನಗುತ್ತಿದ್ದರು.

ದಾರಿ ಮುಚ್ಚಿದರೂ ತಲೆ ಮುಚ್ಚುವುದಿಲ್ಲ. ರಾತ್ರಿ ಹತ್ತಕ್ಕೆ ಬೆರಳು ತಾನಾಗಿ ಆಡುತ್ತಿತ್ತು, ನಿದ್ದೆಯಿಲ್ಲ, ಮಕ್ಕಳ ಮೇಲೆ ಸುಮ್ಮಸುಮ್ನೆ ರೇಗುವುದು. ಟೆಲಿ ಮನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿಗೆ ಫೋನ್ ಮಾಡಿ, ಆಮೇಲೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಹೋದೆ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲೇ ಇಟ್ಟಿದೆ ಅಂತ ಗೊತ್ತಾಗಿದ್ದು ಆಗ. ನನಗೆ ಅದು ಸಮಾಧಾನ ಕೊಟ್ಟಿತು. ಕೆಟ್ಟವನು ಅನ್ನಿಸಿಕೊಳ್ಳುವುದಕ್ಕಿಂತ ರೋಗಿ ಅನ್ನಿಸಿಕೊಳ್ಳುವುದು ವಾಸಿ. ಆಸೆ ಏರುತ್ತೆ, ಅರ್ಧ ಗಂಟೆ ತಡೆದರೆ ಸಾಮಾನ್ಯವಾಗಿ ಇಳಿಯುತ್ತೆ, ಆ ಅರ್ಧ ಗಂಟೆ ಕೈಗೆ ಕೆಲಸ ಕೊಡಿ ಅಂದರು. ನಾನು ಹಳೆ ಸ್ಟಾರ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಪಾಯಿಂಟ್ ಉಜ್ಜುತ್ತಾ ಕೂರುತ್ತಿದ್ದೆ. ಆ ಮಳೆಗಾಲದಲ್ಲಿ ಅಂಗಡಿಯ ಮೂಲೆಯಲ್ಲಿದ್ದ ಇಪ್ಪತ್ತು ವರ್ಷದ ಗುಜರಿಯೆಲ್ಲ ರಿಪೇರಿಯಾಯಿತು.

ಎರಡು ಸಲ ಜಾರಿದ್ದೂ ಇದೆ. ಒಮ್ಮೆ ಗಿರಾಕಿ ಕೊಟ್ಟ ನಗದು 800 ರೂಪಾಯಿಯನ್ನು ಪಕ್ಕದ ಹುಡುಗನ ಕೈಗಿಟ್ಟು ಅವನ ಫೋನಿನಿಂದ ಹಾಕಿಸಿದೆ. ಅವತ್ತಿನಿಂದ ನಗದಿಗೂ ಬಿಲ್ ಪುಸ್ತಕ ಬಂತು, ಸಂಜೆ ಎಣಿಕೆ ಅವಳದೇ.

ಆಗಸ್ಟ್ 2025ರಲ್ಲಿ ಕೇಂದ್ರದ ಕಾಯ್ದೆ ಬಂದು, ಕೌಶಲವಿರಲಿ ಅದೃಷ್ಟವಿರಲಿ, ದುಡ್ಡು ಕಟ್ಟಿ ಆಡಿಸುವ ಆನ್‌ಲೈನ್ ಆಟಗಳೆಲ್ಲ ಬಂದ್ ಆದವು. ಆಡಿಸುವವರಿಗೆ ಮೂರು ವರ್ಷದ ತನಕ ಜೈಲು, ಒಂದು ಕೋಟಿಯ ತನಕ ದಂಡ. ಆಡುವವನಿಗೆ ಶಿಕ್ಷೆಯಿಲ್ಲ. "ಇನ್ನ ನಿನ್ನ ತ್ರಾಸ ಮುಗೀತ ಬಿಡೋ" ಅಂದ ಗೆಳೆಯ. ಹೆಂಡತಿಯೂ ನಂಬರ್ ವಾಪಸ್ ಮಾಡಿಸೋಣ್ರೀ ಅಂದಳು. ನಾನೇ ಬೇಡ ಅಂದೆ. ಕಾಗಲ್‌ಗೆ ಬೈಕ್ ಓಡಿಸಿದವನು ನಾನು, ನನಗೆ ಗೊತ್ತು. ಟೆಲಿಗ್ರಾಮಿನಲ್ಲಿ ಹೊರದೇಶದ ಲಿಂಕುಗಳು ಈಗಲೂ ಬರುತ್ತವೆ.

ಹೋದ ತಿಂಗಳು ಗಿರಾಕಿಯೊಬ್ಬರ ಮಗ ಮೋಟಾರ್ ಒಯ್ಯಲು ಬಂದ. ಅಪ್ಪ ಕೊಟ್ಟ ದುಡ್ಡಿನಲ್ಲಿ ಎರಡು ಸಾವಿರ ಕಡಿಮೆ. ಮುಖ ನೋಡಿದ ಕೂಡಲೇ ಗೊತ್ತಾಯಿತು.

"ಕಾಕಾ, ನಾ ಲಿಮಿಟ್ ಹಾಕೀನಿ. ದಿನಕ್ಕ ಬರೇ ಇನ್ನೂರು," ಅಂದ.

"ಓಟಿಪಿ ಯಾರ ನಂಬರಿಗೆ ಬರತೈತಿ ತಮ್ಮಾ?"

"ನನ್ನ ನಂಬರಿಗೇ."

ಸ್ಟೂಲ್ ಎಳೆದು ಕೊಟ್ಟು, ಎರಡು ಚಹಾ ಹೇಳಿದೆ.