ಇಳಿಜಾರಿನಲ್ಲಿ ಮಾತ್ರ ಕೇಳುತ್ತಿದ್ದ ಬ್ರೇಕ್ ಸದ್ದು

ನಮ್ಮದು 2006ರ ಆಲ್ಟೊ ಕಾರು. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್. ಚಿಕ್ಕಮಗಳೂರು ಪೇಟೆಯೊಳಗೆ ಓಡಾಡುವಾಗ ಚೂರೂ ಸದ್ದಿಲ್ಲ. ಮುಳ್ಳಯ್ಯನಗಿರಿ ಕಡೆಯಿಂದ ಇಳಿದು ಕೈಮರ ಚೆಕ್‌ಪೋಸ್ಟ್ ಹತ್ತಿರ ಬರುವಷ್ಟರಲ್ಲಿ ಮುಂದಿನಿಂದ ‘ಕಿರ್ರ್’ ಶುರು. ಗ್ಯಾರೇಜಿಗೆ ಒಯ್ದರೆ ಗಪ್‌ಚಿಪ್. "ಪ್ಯಾಡ್ ಹಾಕಿಬಿಡೋಣ ಸಾರ್" ಅಂದರು. ಚಕ್ರದ ಜೊತೆ ತಿರುಗುವ ಡಿಸ್ಕನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವುದೇ ಈ ಪ್ಯಾಡ್. ಹೊರಗಿನಿಂದ ಕಾಣುವ ಪ್ಯಾಡ್ ಇನ್ನೂ ದಪ್ಪ ಇತ್ತು. ಕಾರಣ ಗೊತ್ತಾಗದೆ ಸುಮ್ನೆ ಯಾಕೆ ಬದಲಿಸೋದು ಅಂತ ನಾನೇ ಹುಡುಕಲು ಕೂತೆ.

ಮೊದಲು ಸದ್ದು ಯಾವಾಗ ಬರುತ್ತೆ, ಯಾವಾಗ ನಿಲ್ಲುತ್ತೆ ಅಂತ ಗಮನಿಸಿದೆ. ಮಳೆಗಾಲದಲ್ಲಿ ರಾತ್ರಿಯಿಡೀ ನೆನೆದ ಗಾಡಿ ಬೆಳಿಗ್ಗೆ ಮೊದಲ ಒಂದೆರಡು ಬ್ರೇಕಿಗೆ ಗರಗರ ಅನ್ನುತ್ತದಲ್ಲ, ಅದು ಡಿಸ್ಕಿನ ಮೇಲಿನ ತೆಳು ತುಕ್ಕು. ಪ್ಯಾಡ್ ಉಜ್ಜಿದರೆ ತಾನೇ ಹೋಗುತ್ತದೆ. ಇದು ಬ್ರೇಕ್ ಚೆನ್ನಾಗಿ ಬಿಸಿಯಾದ ಮೇಲೇ ಬರುತ್ತಿತ್ತು. ಅದೂ ಪೆಡಲಿನಿಂದ ಕಾಲು ತೆಗೆದಾಗ. ಮೆಲ್ಲಗೆ ಒತ್ತಿದರೆ ನಿಲ್ಲುತ್ತಿತ್ತು. ತಿರುವಿನಲ್ಲಿ ಎಡಕ್ಕೆಳೆದರೂ ಬಲಕ್ಕೆಳೆದರೂ ಅದೇ ದನಿ. ಚಕ್ರದ ಬೇರಿಂಗ್ ಹೋಗಿದ್ದರೆ ಸಾಮಾನ್ಯವಾಗಿ ತಿರುವಿನಲ್ಲಿ ದನಿ ಬದಲಾಗುತ್ತದೆ, ಬ್ರೇಕ್ ಮುಟ್ಟಿದ್ದಕ್ಕೆ ನಿಲ್ಲುವುದಿಲ್ಲ. ಡಿಸ್ಕಿಗೂ ಅದರ ಹಿಂದಿನ ತಗಡಿಗೂ ನಡುವೆ ಜಲ್ಲಿಕಲ್ಲು ಸಿಕ್ಕಿಕೊಳ್ಳುವುದು ನಮ್ಮ ಎಸ್ಟೇಟ್ ರಸ್ತೆಗಳಲ್ಲಿ ಮಾಮೂಲು. ಟಾರ್ಚ್ ಬಿಟ್ಟು ನೋಡಿದೆ, ಅದೂ ಇರಲಿಲ್ಲ.

ಮುಂದಿನ ಸಲ ಇಳಿದು ಬಂದಾಗ ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಮುಂದಿನ ಎರಡೂ ಚಕ್ರಗಳ ಹತ್ತಿರ ಕೈ ಹಿಡಿದೆ. ಮುಟ್ಟಬೇಡಿ, ಸುಡುತ್ತದೆ. ಬಲಗಡೆ ಬೆಚ್ಚಗೆ, ಎಡಗಡೆ ಕೆಂಡ. ಅಲ್ಲಿಗೆ ಅರ್ಧ ಕೆಲಸ ಮುಗಿದ ಹಾಗೆ ಅಲ್ವಾ? ಆ ಚಕ್ರದಲ್ಲಿ ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನು ಬಿಡುತ್ತಿಲ್ಲ.

ಮನೆಗೆ ಬಂದು, ಆರಿದ ಮೇಲೆ, ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು ಜಾಕಿ ಏರಿಸಿದೆ. ಜಾಕಿ ಒಂದನ್ನೇ ನಂಬದೆ ಕೆಳಗೆ ಸ್ಟ್ಯಾಂಡ್ ಇಟ್ಟೆ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಬಿಚ್ಚಿ, ಬ್ರೇಕ್ ಹೋಸಿನ ಮೇಲೆ ಭಾರ ಬೀಳದಂತೆ ತಂತಿಯಿಂದ ಕಟ್ಟಿದೆ. ಈ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಅತ್ತಿತ್ತ ಜಾರಬೇಕು. ಒಂದು ಪಿನ್ ಬೆರಳಲ್ಲೇ ಜಾರಿತು. ಇನ್ನೊಂದನ್ನು ತಿರುಚಿ ತಿರುಚಿ ಎಳೆಯಬೇಕಾಯಿತು. ಅದನ್ನು ಮುಚ್ಚುವ ರಬ್ಬರ್ ಕವಚ, ಅಂದರೆ ಬೂಟ್, ಹರಿದು, ನೀರು ಹೋಗಿ, ಗ್ರೀಸ್ ಒಣಗಿ ತುಕ್ಕು ಹಿಡಿದಿತ್ತು. ಹೊರಗೆ ಕಾಣದ ಒಳಗಿನ ಪ್ಯಾಡ್ ಓರೆಯಾಗಿ ಸವೆದಿತ್ತು. ಕ್ಯಾಲಿಪರ್ ಒಳಗೆ ಪ್ಯಾಡನ್ನು ತಳ್ಳುವ ಪಿಸ್ಟನ್ ಮಾತ್ರ ಒತ್ತಿದರೆ ಸಲೀಸಾಗಿ ಹಿಂದೆ ಹೋಯಿತು. ಅದು ಹೋಗದಿದ್ದರೆ ನಾನು ಕೈ ಹಾಕುತ್ತಿರಲಿಲ್ಲ, ಅದು ಮೆಕ್ಯಾನಿಕ್ ಕೆಲಸ.

ಪಿನ್ ತಿಕ್ಕಿ ತೊಳೆದು, ಹೊಸ ಬೂಟ್ ಹಾಕಿ, ಬಿಸಿ ತಡೆಯುವ ಸಿಲಿಕೋನ್ ಗ್ರೀಸ್ ಹಚ್ಚಿದೆ. ಡಬ್ಬಿಯ ಮಾಮೂಲಿ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತದೆ. ಬಲಗಡೆಯದನ್ನೂ ಬಿಚ್ಚಿ ಇದೇ ಕೆಲಸ ಮಾಡಿದೆ. ಪಿಸ್ಟನ್ ಹಿಂದೆ ತಳ್ಳಿರುವುದರಿಂದ ಹೊರಡುವ ಮುಂಚೆ ಪೆಡಲ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಬೇಕು, ಇಲ್ಲದಿದ್ದರೆ ಮೊದಲ ಬ್ರೇಕೇ ಸಿಗುವುದಿಲ್ಲ.

ಪ್ಯಾಡ್ ಎರಡೂ ಕಡೆ ಹೊಸದೇ ಹಾಕಿದೆ. ಗ್ಯಾರೇಜಿನವರು ಹೇಳಿದ್ದೂ ಅದನ್ನೇ. ಆದರೆ ಪಿನ್ ಹಾಗೇ ಬಿಟ್ಟಿದ್ದರೆ ಹೊಸ ಪ್ಯಾಡೂ ಓರೆಯಾಗಿ ಸವೆಯುತ್ತಿತ್ತು. ಈಗ ಗಿರಿಯಿಂದ ಎರಡನೇ ಗೇರಿನಲ್ಲಿ ಇಳಿದು ಬಂದರೆ ಎರಡೂ ಚಕ್ರ ಒಂದೇ ಸಮ ಬೆಚ್ಚಗಿರುತ್ತವೆ.